1,380 ರೂಪಾಯಿಯ ಪ್ಯಾಡು, 8,990 ರೂಪಾಯಿಯ ಬ್ರೇಕು

ದಸರಾ ರಜೆಯಲ್ಲೇ ಕಾರಿನ ಬ್ರೇಕು ಕೂಗಲು ಶುರು ಮಾಡಿತ್ತು. ಬ್ರೇಕ್ ಮೇಲೆ ಮೆತ್ತಗೆ ಕಾಲಿಟ್ಟರೆ ಮುಂದಿನ ಬಲಗಡೆ ಚಕ್ರದಿಂದ ‘ಕೀಂ’ ಅನ್ನುವ ಸದ್ದು. ಜೋರಾಗಿ ಒತ್ತಿದರೆ ಸದ್ದಿಲ್ಲ. ಮಳೆಗಾಲದ ಕೆಸರು ಕೂತಿರಬೇಕು, ತೊಳೆದರೆ ಹೋಗುತ್ತೆ ಅಂದುಕೊಂಡೆ. ತೊಳೆದೆ. ಎರಡು ದಿನ ತೆಪ್ಪಗಿತ್ತು, ಮತ್ತೆ ಶುರುವಾಯಿತು.

ನಮ್ಮದು 2013ರ ಸಣ್ಣ ಪೆಟ್ರೋಲ್ ಕಾರು. ಮುಂದೆ ಡಿಸ್ಕ್ ಬ್ರೇಕು: ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡು ಒತ್ತಿ ಹಿಡಿಯುತ್ತವೆ. ಹಿಂದೆ ಡ್ರಮ್: ತಿರುಗುವ ಡಬ್ಬಿಯನ್ನು ಒಳಗಿನಿಂದ ಶೂಗಳು ಒತ್ತುತ್ತವೆ. 91,000 ಕಿಲೋಮೀಟರ್ ಓಡಿದೆ. ಆ ‘ಕೀಂ’ ಏನು ಅಂತ ನನಗೆ ಗೊತ್ತಿರಬೇಕಿತ್ತು. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಎರಡು-ಮೂರು ಮಿಲಿಮೀಟರಿಗೆ ಸವೆದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತದೆ. ಅದು ಕೂಗುವುದೇ ನಮಗೆ ತಿಳಿಯಲಿ ಅಂತ.

ಎರಡನೇ ಸೂಚನೆ ಅದಕ್ಕೂ ಮೊದಲೇ ಬಂದಿತ್ತು. ಇಳಿಜಾರಿನಲ್ಲಿ ಬ್ರೇಕಿನ ಕೆಂಪು ದೀಪ ಆಗಾಗ ಮಿನುಗುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕೆಳಗಿನ ಗೆರೆಗೆ ಇಳಿದಿತ್ತು. ಸ್ವಲ್ಪ ತಂದು ಸುರಿದೆ. ದೀಪ ಆರಿತು. ಕೆಲಸ ಮುಗಿಯಿತು ಅಂದುಕೊಂಡೆ. ಆಯಿಲ್ ಸುಮ್ನೆ ಇಳಿಯುವುದಿಲ್ಲ. ಪ್ಯಾಡು ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ನನ್ನ ಕಾರಿನಲ್ಲಿ ಎರಡೂ ಆಗಿತ್ತು. ಅದು ಆಮೇಲೆ ಗೊತ್ತಾಯಿತು.

ದೀಪಾವಳಿಗೆ ಹಾಸನದಿಂದ ಪುತ್ತೂರಿಗೆ, ಮಾವನ ಮನೆಗೆ ಹೊರಟೆವು. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಇಳಿಯುವಾಗ ಕೂಗು ನಿಂತು ‘ಕರಕರ’ ಶುರುವಾಯಿತು. ಬ್ರೇಕ್ ಒತ್ತಿದಾಗೆಲ್ಲ ಕಾರು ಎಡಕ್ಕೆ ಎಳೆಯುತ್ತಿತ್ತು. “ಏನ್ರೀ ಇದು, ಹಿಟ್ಟಿನ ಗಿರಣಿ ಹಂಗೆ ಸದ್ದು ಬರ್ತಿದೆ” ಅಂದಳು ಹೆಂಡತಿ. ಎರಡನೇ ಗೇರಿನಲ್ಲಿ, ಲಾರಿಗಳ ಹಿಂದೆ, ತೆವಳಿಕೊಂಡು ಗುಂಡ್ಯ ತಲುಪಿದೆ. ಪುತ್ತೂರಿನಲ್ಲಿ ಭಾವಮೈದ ಚಕ್ರದ ಹತ್ತಿರ ಕೈ ಇಟ್ಟು ಥಟ್ಟನೆ ತೆಗೆದ. “ಭಾವ, ಇದನ್ನ ಇಲ್ಲೇ ಬಿಟ್ಟು ಬಸ್ಸಲ್ಲಿ ಹೋಗಿ” ಅಂದ. ಹತ್ತುವ ದಾರಿಯಲ್ಲಿ ಬ್ರೇಕಿಗೆ ಕೆಲಸ ಕಡಿಮೆ ಅಲ್ವಾ ಅಂತ ನನಗೆ ನಾನೇ ಹೇಳಿಕೊಂಡೆ. ಹೆಂಡತಿ ಮಗಳನ್ನು ಬಸ್ಸು ಹತ್ತಿಸಿ ನಾನೊಬ್ಬನೇ ಕಾರು ತಂದೆ. ಮಾಡಬಾರದಿತ್ತು. ಅವನ ಮಾತು ಕೇಳಬೇಕಿತ್ತು.

ನವೆಂಬರ್ 1, ಶನಿವಾರ. ಶಾಲೆಯಲ್ಲಿ ರಾಜ್ಯೋತ್ಸವ ಮುಗಿಸಿ ಬಂದು ಹಳೇ ಬಟ್ಟೆ ಹಾಕಿಕೊಂಡೆ. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿದೆ. ಆಮೇಲೆ ಜಾಕ್. ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ಕೈ ಹಾಕುವವನು ನಾನಲ್ಲ. ಕಬ್ಬಿಣದ ಸ್ಟ್ಯಾಂಡ್ ಇಟ್ಟೆ. ಬಿಚ್ಚಿದ ಚಕ್ರವನ್ನೂ ಕಾರಿನ ಕೆಳಗೆ ತಳ್ಳಿದೆ. ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ಕೂರಲಿ ಅಂತ.

ಬಲಗಡೆ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದುಕೊಂಡಿರುವ ಭಾಗ, ಅದರ ಒಳಗೆ ಟಾರ್ಚ್ ಹಾಕಿ ನೋಡಿದೆ. ಹೊರಗಿನ ಪ್ಯಾಡಿನಲ್ಲಿ ಇನ್ನೂ 5 ಮಿಲಿಮೀಟರ್ ಮಾಲಿದೆ. ಒಳಗಿನದರಲ್ಲಿ ಏನೂ ಇಲ್ಲ. ಬರೀ ತಗಡು, ಡಿಸ್ಕನ್ನು ಉಳುತ್ತಿದೆ. ಒಂದೇ ಚಕ್ರದ ಎರಡು ಪ್ಯಾಡಿನಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ತಪ್ಪು ಪ್ಯಾಡಿನದಲ್ಲ. ಈ ಥರದ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರಬೇಕು. ಪಿನ್ ಜಾರದಿದ್ದರೆ ಒಳಗಿನದೊಂದೇ ದುಡಿಯುತ್ತದೆ, ಬಿಡುವುದನ್ನೂ ಪೂರ್ತಿ ಬಿಡುವುದಿಲ್ಲ. ಬಿಸಿಯಾಗುವುದು, ಕಾರು ಇನ್ನೊಂದು ಕಡೆಗೆ ಎಳೆಯುವುದು, ಎಲ್ಲ ಅಲ್ಲಿಂದಲೇ.

ಕೆಳಗಿನ ಪಿನ್ನಿನ ಬೋಲ್ಟ್ ಬಿಚ್ಚಿದೆ, ಸುಲಭವಾಗಿ ಬಂತು. ಮೇಲಿನ ಪಿನ್ ಮಾತ್ರ ಅಲುಗಲಿಲ್ಲ. ಪಾನಾ ಹಾಕಿ ಆ ಕಡೆ ಈ ಕಡೆ ತಿರುಗಿಸುತ್ತಾ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾ ನಲವತ್ತು ನಿಮಿಷ ಕೂತೆ. ಕೊನೆಗೆ ಬಂತು. ಅದರ ರಬ್ಬರ್ ಹೊದಿಕೆ (ಬೂಟ್) ನೆನೆಸಿದ ಕಡಲೆ ಹಾಗೆ ಉಬ್ಬಿತ್ತು. ಒಳಗೆ ಹಳದಿ ಗ್ರೀಸು, ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು.

ಆ ಹಳದಿ ಗ್ರೀಸು ನೋಡಿ ನನಗೆ ನಾಚಿಕೆಯಾಯಿತು. ಅದನ್ನು ಹಾಕಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ, ನಾನೇ. 2022ರ ಬೇಸಿಗೆ ರಜೆಯಲ್ಲಿ ಇದೇ ಅಂಗಳದಲ್ಲಿ ಪ್ಯಾಡ್ ಬದಲಿಸಿದ್ದೆ. ಪಿನ್ನಿಗೆ ಏನು ಹಾಕಲಿ ಅಂತ ನೋಡಿದಾಗ ಮನೆಯಲ್ಲಿ ವೀಲ್ ಬೇರಿಂಗ್ ಗ್ರೀಸಿನ ಡಬ್ಬಿ ಸಿಕ್ಕಿತು. ಗ್ರೀಸು ಅಂದರೆ ಗ್ರೀಸೇ ಅಲ್ವಾ ಅಂತ ಧಾರಾಳವಾಗಿ ಬಳಿದೆ. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಗ್ರೀಸು ಆಗಿಬರುವುದಿಲ್ಲ. ರಬ್ಬರು ಉಬ್ಬುತ್ತದೆ, ಸಡಿಲಾಗುತ್ತದೆ, ನೀರು ಒಳಗೆ ಹೋಗುತ್ತದೆ, ಪಿನ್ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಬೇಕಿದ್ದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು. ಸಣ್ಣ ಟ್ಯೂಬಿಗೆ 180 ರೂಪಾಯಿ.

ಇನ್ನು ಡಿಸ್ಕು. ಬೆರಳಿನಲ್ಲಿ ಸವರಿದರೆ ಗ್ರಾಮಫೋನ್ ತಟ್ಟೆ ಹಾಗೆ ಗೆರೆ ಗೆರೆ. ಡಿಸ್ಕಿನ ಅಂಚಿನಲ್ಲೋ ಒಳಭಾಗದಲ್ಲೋ ಎಷ್ಟು ತೆಳುವಾಗುವವರೆಗೆ ಬಳಸಬಹುದು ಅಂತ ಅಚ್ಚೊತ್ತಿರುತ್ತಾರೆ. ನಮ್ಮದರಲ್ಲಿ 15 ಮಿಲಿಮೀಟರ್ ಅಂತಿತ್ತು. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ 15.3 ಬಂತು. ಲೇತಿನಲ್ಲಿ ತಿರುಗಿಸಿ ಮಟ್ಟ ಮಾಡಿಸಬಹುದೇನೋ ಅನ್ನುವ ಆಸೆ. ಜೋಡಿಗೆ 400 ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಡಿಸ್ಕು ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ತುಕ್ಕು ಹಿಡಿದು ಅಂಟಿತ್ತು. ಇದಕ್ಕೊಂದು ಸುಲಭದ ದಾರಿ ಇದೆ. ಡಿಸ್ಕಿನ ಮುಖದಲ್ಲಿ ಒಳಗೆ ತಿರುಪಿನ ಗೆರೆ ಇರುವ ಎರಡು ಸಣ್ಣ ತೂತು ಇದ್ದರೆ ಅದಕ್ಕೆ 8 ಮಿಲಿಮೀಟರ್ ಬೋಲ್ಟ್ ಎರಡನ್ನು ಹಾಕಿ ಒಂದೊಂದೇ ಸುತ್ತು ಬಿಗಿಯುತ್ತಾ ಹೋಗಬೇಕು. ಬೋಲ್ಟು ಹಬ್ಬಿಗೆ ಒತ್ತಿ ಡಿಸ್ಕನ್ನು ತಾನೇ ಹೊರಗೆ ತಳ್ಳುತ್ತದೆ. ಸುತ್ತಿಗೆ ಬೇಡ. ಲೇತಿನವರು ಡಿಸ್ಕನ್ನು ತಿರುಗಿಸಿ ನೋಡಿ, ವರ್ನಿಯರ್ ಇಟ್ಟು ವಾಪಸ್ ಕೈಗಿತ್ತರು. “ಮೇಷ್ಟ್ರೇ, ಈ ಗೆರೆ ಹೋಗೋ ತನಕ ತೆಗೆದ್ರೆ ಹಪ್ಪಳ ಆಗುತ್ತೆ. ಹೊಸದು ಹಾಕ್ಸಿ.” ದುಡ್ಡು ತಗೊಳ್ಳಲಿಲ್ಲ. ಅವರು ಸುಮ್ನೆ ಉಜ್ಜಿ 400 ಇಸ್ಕೊಂಡಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಸೋಮವಾರ ಫೋಟೋ ಹಿಡಿದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋದೆ, ಬೆಲೆ ಕೇಳಲು. ಪ್ಯಾಡ್ 1,950, ಎರಡು ಡಿಸ್ಕ್ 4,200, ಹಿಂದಿನ ಬ್ರೇಕ್ ಶೂ 1,650, ಬ್ರೇಕ್ ಆಯಿಲ್ 450. ಲೇಬರ್ 2,400, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 432. ಒಟ್ಟು 11,082. “ಪಿನ್ನು, ವೀಲ್ ಸಿಲಿಂಡರ್ ಎಲ್ಲಾ ಬಿಚ್ಚಿದ ಮೇಲೆ ಹೇಳ್ತೀವಿ ಸಾರ್” ಅಂದ ಹುಡುಗ. ವೀಲ್ ಸಿಲಿಂಡರ್ ಅಂದರೆ ಹಿಂದಿನ ಡ್ರಮ್ಮಿನೊಳಗೆ ಶೂಗಳನ್ನು ತಳ್ಳುವುದು. ಕೇಳಿದಾಗ ಜಾರಿಕೊಳ್ಳುವ ಮಾತು ಅನಿಸಿತು. ಎರಡು ದಿನ ಬಿಟ್ಟು ನೋಡಿದರೆ ಅವನು ಹೇಳಿದ್ದೇ ಸರಿ. ಚಕ್ರ ಬಿಚ್ಚುವ ಮೊದಲು ಬ್ರೇಕಿನ ಬೆಲೆ ಹೇಳುವುದು ಹಲಸಿನ ಹಣ್ಣು ಕೊಯ್ಯುವ ಮೊದಲು ತೊಳೆ ಎಣಿಸಿದ ಹಾಗೆ.

ನಮ್ಮ ಬೀದಿಯ ಗ್ಯಾರೇಜಿನಲ್ಲಿ ಲೇಬರ್ ಮುಂದಿನ ಪ್ಯಾಡಿಗೆ 400, ಡಿಸ್ಕೂ ಸೇರಿದರೆ 900 ಅಂದರು. ಜೊತೆಗೆ ಒಂದು ಮಾತು: “ಮಾಲು ನೀವೇ ತಂದ್ರೆ ಗ್ಯಾರಂಟಿನೂ ನಿಮ್ದೇ ಮೇಷ್ಟ್ರೇ.” ನ್ಯಾಯವಾದ ಮಾತೇ.

ಮಾಲಿನ ಬೆಲೆಯಲ್ಲಿ ಇಷ್ಟು ಏರುಪೇರು ಯಾಕೆ ಅಂತ ಅಂಗಡಿಯಲ್ಲಿ ನಿಂತರೆ ಅರ್ಥವಾಗುತ್ತದೆ. ಕಾರು ಕಂಪನಿಯ ಹೆಸರಿನ ಪೆಟ್ಟಿಗೆ ಒಂದು ಬೆಲೆ. ಕಾರು ಕಂಪನಿಗೆ ಬ್ರೇಕ್ ಮಾಡಿಕೊಡುವ ಕಾರ್ಖಾನೆಗಳು ತಮ್ಮದೇ ಹೆಸರಿನಲ್ಲಿ ಮಾರುವ ಪೆಟ್ಟಿಗೆ ಅದಕ್ಕಿಂತ ಕಡಿಮೆ. ಅದರ ಕೆಳಗೆ ಹೆಸರೇ ಕೇಳದ ಪೆಟ್ಟಿಗೆಗಳು, ಅರ್ಧ ಬೆಲೆಗೆ. ನಾನು ನಡುವಿನದು ತೆಗೆದುಕೊಂಡೆ. ಮೂರನೆಯದನ್ನು ಬ್ರೇಕಿನ ವಿಷಯದಲ್ಲಿ ಮುಟ್ಟುವುದಿಲ್ಲ. ಸೀಟ್ ಕವರ್ ಆಗಿದ್ದರೆ ಬೇರೆ ಮಾತು.

ಪ್ಯಾಡಿನ ಪೆಟ್ಟಿಗೆ ಮೇಲೆ ಎಂಆರ್‌ಪಿ 1,500 ಅಂತಿತ್ತು. ಹಳೇ ಸ್ಟಾಕು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹತ್ತು ಕಡಿಮೆಯಾಯಿತು ಅಂದರೆ ಬೆಲೆ ಶೇಕಡಾ ಹತ್ತು ಇಳಿಯುತ್ತದೆ ಅಂತಲ್ಲ. 128 ರೂಪಾಯಿಯದು 118 ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಎಂಟು. ಅಂಗಡಿಯಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. 1,383 ಬಂತು. ಅಂಗಡಿಯವರು ನಕ್ಕು 1,380ಕ್ಕೆ ಬಿಲ್ ಹಾಕಿದರು. ಹಳೇ ಲೇಬಲ್ ಇರುವ ಪೆಟ್ಟಿಗೆ ಸಿಕ್ಕಿದರೆ ಕೇಳಿ ನೋಡಿ.

ಡಿಸ್ಕು ಹಾಸನದಲ್ಲಿ ಆ ದಿನ ಸಿಗಲಿಲ್ಲ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಜೆ.ಸಿ. ರಸ್ತೆಯಲ್ಲಿ ಹುಡುಕಿ ಜೋಡಿಗೆ 3,100ಕ್ಕೆ ತೆಗೆದು, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕಿದ. ಪಾರ್ಸಲ್ಲಿಗೆ 110. ಡಿಸ್ಕನ್ನು ಯಾವತ್ತೂ ಜೋಡಿಯಾಗಿಯೇ ಬದಲಿಸಬೇಕು. ಎಡಗಡೆಯದು ಇನ್ನೊಂದು ವರ್ಷ ಬರುತ್ತಿತ್ತು. ಆದರೆ ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಹಿಡಿತ ಒಂದೇ ಸಮ ಇರುವುದಿಲ್ಲ.

ಬುಧವಾರ ಸಂಜೆ ಜೋಡಿಸಲು ಕೂತೆ. ಹಬ್ಬನ್ನು ತಂತಿ ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿದೆ. ಇಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕು ಸೊಟ್ಟ ಕೂತು, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುತ್ತದೆ. ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರ್ ಹೊಡೆದು ಒರೆಸಿದೆ. ಪಿನ್ನಿನ ಗೂಡನ್ನು ಬಟ್ಟೆ ತೂರಿಸಿ ಹಳದಿ ಗ್ರೀಸಿನ ಕಲೆಯೂ ಉಳಿಯದ ಹಾಗೆ ತೆಗೆದೆ. ಎರಡೂ ಕಡೆಗೆ ಹೊಸ ಪಿನ್ನು, ಬೂಟಿನ ಕಿಟ್, ತೆಳ್ಳಗೆ ಸಿಲಿಕೋನ್ ಗ್ರೀಸು. ಈಗ ಕ್ಯಾಲಿಪರ್ ಬೆರಳಲ್ಲಿ ತಳ್ಳಿದರೆ ಜಾರುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಪೈಪಿನಲ್ಲೇ ನೇತಾಡಲು ಬಿಡಬೇಡಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ.

ಬ್ರೇಕಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೇ ಕಾಲದ ಪ್ಯಾಡು, ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಈಗಿನ ಹೆಚ್ಚಿನವುಗಳಲ್ಲಿ ಇಲ್ಲದಿದ್ದರೂ ಆ ಪುಡಿ ಎದೆಗೆ ಒಳ್ಳೆಯದಲ್ಲ.

ಹೊಸ ಪ್ಯಾಡು ದಪ್ಪ, ಆದ್ದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೇ ಪ್ಯಾಡು ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ನಿಧಾನ ಬಿಗಿದೆ. ಅಷ್ಟರಲ್ಲಿ ಬಾನೆಟ್ ಕಡೆಯಿಂದ ಮಗಳು ಕೂಗಿದಳು, “ಅಪ್ಪಾ, ಇಲ್ಲಿ ಏನೋ ಉಕ್ಕುತಿದೆ!” ನಾನು ಮೊದಲು ದೀಪ ಆರಿಸಲು ಸುರಿದಿದ್ದ ಆಯಿಲ್ಲು ಈಗ ಜಾಗ ಸಾಲದೆ ಹೊರಗೆ ಬರುತ್ತಿತ್ತು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಅದೃಷ್ಟಕ್ಕೆ ನೀರಿನಲ್ಲಿ ಬೆರೆಯುತ್ತದೆ. ಎರಡು ಚೊಂಬು ನೀರು ಹುಯ್ದು ತೊಳೆದೆ. ಆದರೂ ಬ್ಯಾಟರಿ ಪಕ್ಕದಲ್ಲಿ ಅಂಗೈಯಗಲ ಬಣ್ಣ ಸುಲಿದಿದೆ.

ಹಿಂದಿನ ಡ್ರಮ್ಮು ತೆಗೆದಾಗ ಉಳಿದರ್ಧ ಕಥೆ ಗೊತ್ತಾಯಿತು. ಎಡಗಡೆ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಒಳಗೆ ಒದ್ದೆ. ಆಯಿಲ್ಲು ಸೋರಿ ಶೂ ನೆನೆದಿತ್ತು. ಎಣ್ಣೆ ಕುಡಿದ ಶೂವನ್ನು ಒಣಗಿಸಿ ಹಾಕುವುದು ಬೇಡ, ಅದು ಹಿಡಿಯುವುದಿಲ್ಲ. ವೀಲ್ ಸಿಲಿಂಡರ್ ಎರಡಕ್ಕೆ 960, ಶೂ ಸೆಟ್ಟಿಗೆ 1,150. ಬಲಗಡೆಯದು ಸೋರುತ್ತಿರಲಿಲ್ಲ, ಆದರೆ ವಯಸ್ಸು ಅದಕ್ಕೂ ಅಷ್ಟೇ ಆಗಿದೆ. ಡ್ರಮ್ಮಿನ ಸ್ಪ್ರಿಂಗು, ಕೊಂಡಿಗಳನ್ನು ನೆನಪಿಟ್ಟುಕೊಳ್ಳುತ್ತೇನೆ ಅಂತ ಹೋಗಬೇಡಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿ. ಮರೆತರೆ ನೋಡಲು ಒಂದಾದರೂ ಜೋಡಿಸಿದ್ದು ಇರುತ್ತದೆ.

ಆಯಿಲ್ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್, ತೆಗೆಯುವ ಕೆಲಸವನ್ನೂ ನಾನೇ ಮಾಡುವ ಅಂದಾಜಿತ್ತು. ಹಿಂದಿನ ಬಲಗಡೆ ಪೈಪಿನ ನಟ್ಟಿಗೆ ಪಾನಾ ಇಟ್ಟಾಗ ಅದು ತಿರುಗುವ ಬದಲು ಮೆತ್ತಗಾದ ಹಾಗನಿಸಿತು. ಅಲ್ಲಿಗೆ ಕೈ ಎತ್ತಿದೆ. ಅದು ಮುರಿದರೆ ಇಡೀ ಪೈಪು ಹೋಗುತ್ತದೆ. ಬೀದಿಯ ಮೆಕ್ಯಾನಿಕ್ ಬೈಕಿನಲ್ಲಿ ಬಂದು, ಸ್ವಲ್ಪ ಕಾಯಿಸಿ, ಮೂರು ಏಟು ಕೊಟ್ಟು ಬಿಡಿಸಿದರು. ಸಿಲಿಂಡರ್ ಕೂರಿಸಿ ಹಿಂದಿನ ಎಡಚಕ್ರದಿಂದ ಏರ್ ತೆಗೆಯಲು ಶುರು ಮಾಡಿದರು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಅದೇ ಅತಿ ದೂರ. ಮಗಳು ಪೆಡಲ್ ಮೇಲೆ. ಒತ್ತು, ಹಿಡಿ, ಬಿಡು. ಬಾಟಲಿಗೆ ಬಂದ ಹಳೇ ಆಯಿಲ್ ಥೇಟ್ ಫಿಲ್ಟರ್ ಕಾಫಿಯ ಡಿಕಾಕ್ಷನ್. “ಮೇಷ್ಟ್ರೇ, ಇದು ಎಷ್ಟು ವರ್ಷದ್ದು?” ಅಂದರು. ನಾನು ಉತ್ತರ ಕೊಡಲಿಲ್ಲ.

ಈ ಆಯಿಲ್ಲು ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಆಯಿಲ್ಲಿಗೆ ಆ ಲೆಕ್ಕ 140. ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಒಳಗೆ ಆವಿ ಆಗುತ್ತದೆ, ಆವಿಯನ್ನು ಒತ್ತಿದರೆ ಒತ್ತುತ್ತಾ ಹೋಗುತ್ತದೆ, ಪೆಡಲ್ ನೆಲಕ್ಕೆ ತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ. ಮಲೆನಾಡಿನ ತೇವ, ಮೇಲೆ ಶಿರಾಡಿ. ನಾನು ಎಷ್ಟು ವರ್ಷ ಬಿಟ್ಟಿದ್ದೆ ಅನ್ನುವುದನ್ನು ಇಲ್ಲೂ ಬರೆಯುವುದಿಲ್ಲ.

ಖರ್ಚು ಹೀಗಾಯಿತು. ಪ್ಯಾಡ್ 1,380, ಡಿಸ್ಕ್ 3,100, ಪಿನ್ ಮತ್ತು ಬೂಟಿನ ಕಿಟ್ ಎರಡಕ್ಕೆ 520, ಗ್ರೀಸು 180, ಆಯಿಲ್ ಎರಡು ಬಾಟಲಿ 420, ಕ್ಲೀನರ್ 320, ವೀಲ್ ಸಿಲಿಂಡರ್ 960, ಶೂ 1,150, ಪಾರ್ಸಲ್ 110, ಮೆಕ್ಯಾನಿಕ್ಕಿಗೆ 500, ಹೊಸ ಸಿ ಕ್ಲ್ಯಾಂಪ್ 350. ಒಟ್ಟು 8,990. ಸರ್ವಿಸ್ ಸೆಂಟರಿನಲ್ಲಿ ಸಿಲಿಂಡರ್, ಪಿನ್ ಎಲ್ಲ ಸೇರಿ 13,000 ದಾಟುತ್ತಿತ್ತು ಅಂತ ನನ್ನ ಅಂದಾಜು. ಉಳಿದದ್ದು ನಾಲ್ಕು ಸಾವಿರ, ಹೋದದ್ದು ಮೂರು ಸಂಜೆ ಮತ್ತು ಒಂದು ಪ್ಯಾಂಟು. ಮೊದಲು ‘ಕೀಂ’ ಅಂದಾಗಲೇ ಬಿಚ್ಚಿದ್ದರೆ ಡಿಸ್ಕಿನ 3,100 ಮತ್ತು ಪಾರ್ಸಲ್ಲಿನ 110 ಉಳಿಯುತ್ತಿತ್ತು. 2022ರಲ್ಲೇ 180ರ ಗ್ರೀಸು ತಂದಿದ್ದರೆ ಪಿನ್ನಿನ ಕಿಟ್ಟೂ ಬೇಕಾಗುತ್ತಿರಲಿಲ್ಲ.

ಇದು ಸಣ್ಣ ಕಾರಿನ ಲೆಕ್ಕ. ಅಣ್ಣನ ಮಗನದು ದೊಡ್ಡ ಗಾಡಿ. ನಾಲ್ಕೂ ಚಕ್ರಕ್ಕೆ ಡಿಸ್ಕು, ಹ್ಯಾಂಡ್ ಬ್ರೇಕಿಗೆ ಗುಂಡಿ. ಅದರ ಹಿಂದಿನ ಪ್ಯಾಡ್ ಬದಲಿಸಲು ಮೊದಲು ಸ್ಕ್ಯಾನರ್ ಜೋಡಿಸಿ ಆ ಹ್ಯಾಂಡ್ ಬ್ರೇಕಿನ ಮೋಟಾರನ್ನು ಹಿಂದಕ್ಕೆ ಓಡಿಸಬೇಕು. ಅಲ್ಲಿ ನನ್ನ ಸಿ ಕ್ಲ್ಯಾಂಪ್ ಇಟ್ಟರೆ ಮೋಟಾರೇ ಹೋಗುತ್ತದೆ. ಅಂಥ ಗಾಡಿಗೆ ಬಿಲ್ ಜಾಸ್ತಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಚಕ್ರ ಹಾಕಿ ನೆಲಕ್ಕಿಳಿಸಿದ ಮೇಲೆ, ಕಾರು ಕದಲಿಸುವ ಮೊದಲು ಪೆಡಲ್ಲನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ. ಇದನ್ನು ಮರೆತು ಗೇಟಿಗೆ ಗುದ್ದಿದವರನ್ನು ನಾನು ಬಲ್ಲೆ. ಆಮೇಲೆ ಊರ ಹೊರಗೆ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಬ್ರೇಕ್ ಹಿಡಿದೆ. ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ. ಮೊದಲ ಮೂರು ಸಲ ಸುಟ್ಟ ವಾಸನೆ. ಆಮೇಲೆ ಹಿಡಿತ ಬಂತು. ಎಡಕ್ಕೆ ಎಳೆಯುವುದು ನಿಂತಿದೆ.

ಹ್ಯಾಂಡ್ ಬ್ರೇಕ್ ಇನ್ನೂ ಒಂಬತ್ತು ಟಿಕ್ ಮೇಲೆ ಬರುತ್ತಿದೆ, ಶೂ ಕೂತ ಮೇಲೆ ಬಿಗಿ ಮಾಡಬೇಕು. ಮುಂದಿನ ಭಾನುವಾರ ನೋಡೋಣ ಅಂದೆ. “ದಸರಾದಲ್ಲೂ ಹಿಂಗೇ ಅಂದಿದ್ರಿ” ಅಂದಳು ಹೆಂಡತಿ. ಈಗ ಇಟ್ಟಿಗೆ ಹುಡುಕುತ್ತಿದ್ದೇನೆ.